ತೃಪ್ತಿಯ ಸಮೀಕರಣ

ಬ್ಯಾಂಕಿಗೆ ಹೋದರೂ ದವಾಖಾನೆಗೆ ಹೋದರೂ, ಹೊರಡುವಾಗ ‘ನಿಮಗೆ ತೃಪ್ತಿಯಾಯಿತೆ? ಐದರಲ್ಲಿ ಎಷ್ಟು?’ ಎಂದು ಕೇಳುವ ಚೀಟಿಯೊಂದು ಈಗ ಕೈಗೆ ಬರುತ್ತದೆ. ನೀವಾದರೆ ಸಲೀಸಾಗಿ ಗುರುತು ಹಾಕಿ ಎದ್ದುಬಿಡುತ್ತೀರಿ. ನನಗೆ ಮಾತ್ರ ಕೈ ಏಳುವುದಿಲ್ಲ. ಒಂದು ಕಾಲದಲ್ಲಿ ಅಂಥ ಚೀಟಿ ಹಿಡಿದು ಮನೆಮನೆ ಅಲೆದ ಅಪರಾಧಿ ನಾನೇ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಕೊಟ್ಟೂರಿನ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ನಾನು, ಹಡಗಲಿಯಲ್ಲಿ ಮಲ್ಲಿಗೆ ಕಟ್ಟುವ ಹೆಂಗಸರ ಜೀವನತೃಪ್ತಿಯನ್ನು ಕುರಿತು ಪಿಎಚ್.ಡಿ.ಗಾಗಿ ಸಂಶೋಧನೆ ಮಾಡುತ್ತಿದ್ದೆ. ‘ಏನೂ ಇಲ್ಲ’ ಎಂದರೆ ಒಂದು, ‘ಬಹಳ’ ಎಂದರೆ ಐದು. ಇಷ್ಟೇ ಆದರೆ ಸಪ್ಪೆ ಎಂದು ಮಾರ್ಗದರ್ಶಕರು ಮೂಗು ಮುರಿದಾಗ, ಅದೇ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಗೆಳೆಯ ವೀರಭದ್ರ ನೆರವಿಗೆ ಬಂದ. ನೀರಿನ ಹರಿವನ್ನು ಲೆಕ್ಕ ಹಾಕುವ ಅವಕಲ ಸಮೀಕರಣಗಳಿಗೆ ನನ್ನ ಅಂಕಿಗಳನ್ನು ತುಂಬಿ, ಹೆಂಗಸರ ತೃಪ್ತಿ ವಯಸ್ಸಿನೊಡನೆ ಅಲೆಯಂತೆ ಏರಿಳಿಯುತ್ತದೆಂದು ಸಾಧಿಸಿಕೊಟ್ಟ. ವಿಚಾರಸಂಕಿರಣದಲ್ಲಿ ಅದನ್ನು ಮಂಡಿಸಿದಾಗ ಯಾರೂ ಪ್ರಶ್ನೆ ಕೇಳಲಿಲ್ಲ. ಅರ್ಥವಾಗದ್ದಕ್ಕೆ ಸಂದ ಗೌರವವನ್ನು ನಾನು ಪಾಂಡಿತ್ಯಕ್ಕೆ ಸಂದದ್ದೆಂದು ಬಗೆದು ಬೀಗಿದೆ. ಪದವಿ ಕೈಗೆಟುಕುವಷ್ಟು ಹತ್ತಿರವಿತ್ತು.

ಪ್ರಬಂಧ ಸಲ್ಲಿಸುವ ಮುನ್ನ, ಉತ್ತರಿಸಿದವರಿಗೆ ಕೃತಜ್ಞತೆ ಹೇಳಿಬರೋಣವೆಂದು ಹಡಗಲಿಯ ಬಸ್ಸು ಹತ್ತಿದೆ. ಎಲ್ಲ ಪ್ರಶ್ನೆಗೂ ಐದು ಕೊಟ್ಟು ನನ್ನ ಅಲೆಯ ತುದಿಯಲ್ಲಿ ಕುಳಿತಿದ್ದವಳು ಗಂಗಮ್ಮ. ನಿನ್ನಷ್ಟು ತೃಪ್ತಳು ಇನ್ನೊಬ್ಬಳಿಲ್ಲವೆಂದು ಹೇಳಿದೆ. ಅವಳು ಹೂವಿನಿಂದ ತಲೆಯೆತ್ತಲಿಲ್ಲ.

“ಅಷ್ಟು ಬಿಸಲಾಗ ಬಂದಿದ್ರಿ ಸರ. ತೃಪ್ತಿ ಇಲ್ಲ ಅಂದ್ರ ನಿಮಗ ಬ್ಯಾಸರ ಆಗ್ತೈತಿ ಅಂತ ಭಾಳ ಐತಿ ಅಂದೆ. ಮಗಳು ಗಂಡನ ಮನಿ ಬಿಟ್ಟು ಬಂದು ಅವತ್ತಿಗೆ ಎಂಟು ದಿನ ಆಗಿತ್ರಿ.”

ಒಳಗಿನ ಕೋಣೆಯಲ್ಲಿ ಆ ಮಗಳು ಅವತ್ತೂ ಇದ್ದಿರಬೇಕು. ಅಳೆಯಲು ಹೋದವನಿಗೆ ಅಳುವುದು ಕೇಳಿಸಿರಲಿಲ್ಲ.

ಮರುದಿನ ವೀರಭದ್ರನಿಗೆ ಎಲ್ಲವನ್ನೂ ಹೇಳಿದೆ. ತಪ್ಪು ಅವನ ಲೆಕ್ಕದಲ್ಲಿ ಒಂದೂ ಇರಲಿಲ್ಲ. ಆದರೂ ಅವನು ಲೆಕ್ಕದ ಹಾಳೆಗಳನ್ನು ಮಡಚಿಟ್ಟ.

“ನೀ ಕೊಟ್ಟ ಅಂಕಿ ಖರೇ ಅಂತ ನಾ ನಂಬಿದೆ, ನನ್ನ ಲೆಕ್ಕ ಖರೇ ಅಂತ ನೀ ನಂಬಿದಿ. ಆಯಮ್ಮನ್ನ ಯಾರು ಕೇಳಿದ್ವಿ ಲೇ?”

ಸಮೀಕರಣಗಳಿದ್ದ ಅಧ್ಯಾಯವನ್ನು ಪ್ರಬಂಧದಿಂದ ಕಿತ್ತುಹಾಕಿದೆ. ಮಾರ್ಗದರ್ಶಕರು ಮುನಿಸಿಕೊಂಡರು, ಪದವಿ ಎರಡು ವರ್ಷ ತಡವಾಯಿತು. ಆ ಎರಡು ವರ್ಷ ಚೀಟಿಯಿಲ್ಲದೆ ಹೋಗಿ, ಹೂ ಕಟ್ಟುವವರ ಪಕ್ಕದಲ್ಲಿ ಸುಮ್ಮನೆ ಕುಳಿತು ಬರುತ್ತಿದ್ದೆ. ಬದುಕಿನಲ್ಲಿ ಅಷ್ಟು ಚೆನ್ನಾಗಿ ನಾನು ಮತ್ತೆಂದೂ ಕಲಿಯಲಿಲ್ಲ. ಕೊನೆಗೆ ಸಲ್ಲಿಸಿದ ತೆಳು ಪ್ರಬಂಧದಲ್ಲಿ ಒಂದೇ ಒಂದು ವಾಕ್ಯವನ್ನು ಇಂದಿಗೂ ನಂಬುತ್ತೇನೆ: ತಮ್ಮ ದುಃಖವನ್ನು ಬದಿಗಿಟ್ಟು, ಕೇಳಿದವನ ಮನಸ್ಸು ನೋಯದಂತೆ ಉತ್ತರಿಸುವವರಿದ್ದಾರೆ.