ಅವ್ವನ ರೇಡಿಯೋ ಅಕ್ಕ

ಪಿರಿಯಾಪಟ್ಟಣದ ಹತ್ತಿರದ ನಮ್ಮೂರಲ್ಲಿ ಹೊಗೆಸೊಪ್ಪಿನ ಕೊಯ್ಲು ಶುರುವಾದರೆ, ಅವ್ವ ಸೊಪ್ಪು ಬೇಯಿಸುವ ಬ್ಯಾರನ್ನಿನ ನೆರಳಲ್ಲಿ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಪಕ್ಕದಲ್ಲಿ ರೇಡಿಯೋ. ಮಧ್ಯಾಹ್ನ ಹೆಂಗಸರ ಕಾರ್ಯಕ್ರಮ ನಡೆಸುತ್ತಿದ್ದ ಅಕ್ಕ "ಎಲ್ಲರಿಗೂ ನಮಸ್ಕಾರ" ಅಂದ ಕೂಡಲೇ ಅವ್ವ ಅಂಟು ಮೆತ್ತಿದ ಎರಡೂ ಕೈ ಜೋಡಿಸುತ್ತಿದ್ದಳು.

"ಅವರಿಗೆ ಕಾಣಕಿಲ್ಲ ಕಣವ್ವ" ಎಂದು ನಾನು ನಗುತ್ತಿದ್ದೆ.

"ನಮಸ್ಕಾರ ಅಂದೋರಿಗೆ ನಾವೂ ಅನ್ನಬ್ಯಾಡ್ವಾ? ಸುಮ್ಕಿರು."

ಕಾರ್ಯಕ್ರಮ ಮುಗಿಸುವಾಗ ಆ ಅಕ್ಕ ದಿನಾ ಹೇಳುತ್ತಿದ್ದರು: "ಕೆಲಸ ಇದ್ದೇ ಇರುತ್ತೆ, ಒಂದು ಗಳಿಗೆ ಸುಧಾರಿಸಿಕೊಳ್ಳಿ." ಅವ್ವ ತಕ್ಷಣ ಕಡ್ಡಿ ಕೆಳಗಿಟ್ಟು, ಗೋಡೆಗೆ ಒರಗಿ ಕಾಲು ಚಾಚುತ್ತಿದ್ದಳು. ಅಪ್ಪ ಗೊಣಗಿದರೆ "ರೇಡಿಯೋದವ್ರೇ ಹೇಳವ್ರೆ" ಅನ್ನುತ್ತಿದ್ದಳು. ಸರ್ಕಾರದ ಆರ್ಡರ್ ಬಂದವನಂತೆ ಅಪ್ಪ ತೆಪ್ಪಗಾಗುತ್ತಿದ್ದ.

ಅವ್ವ ತೀರಿಕೊಂಡು ವರ್ಷಗಳಾದವು. ಆ ಅಕ್ಕನ ಮುಖ ನಾನು ನೋಡಿಲ್ಲ. ಎಲ್ಲಾದರೂ ಸಿಕ್ಕರೆ ಕಾಲಿಗೆ ಬೀಳುತ್ತೇನೆ. ಅವ್ವನಿಗೆ ಸುಧಾರಿಸಿಕೋ ಎಂದವರು ಅವರೊಬ್ಬರೇ. ಪಕ್ಕದಲ್ಲೇ ಕೂತು ಎಲೆ ಎತ್ತಿಕೊಡುತ್ತಿದ್ದ ನಾನು ಒಂದು ದಿನವೂ ಆ ಮಾತು ಅಂದಿರಲಿಲ್ಲ.