ಅಕ್ಕನ ಹೆಸರಿಗೆ ಸಂದ ಶಭಾಷ್

ಇವತ್ತು ನಾನೀಗ ಇರುವ ಬಟವಾಡಿಯಲ್ಲಿ ಎದುರುಮನೆಯವರು ಕಾರು ರಿಪೇರಿ ಮಾಡುತ್ತಿದ್ದರು. ಗ್ರೀಸಿನ ವಾಸನೆ ಮೂಗಿಗೆ ಬಡಿದಿದ್ದೇ ಗುಬ್ಬಿಯ ನಮ್ಮ ಮನೆಯಂಗಳ ಕಣ್ಣಮುಂದೆ ಬಂತು.

ನಮ್ಮ ಹಳೇ ಕಾರಿನ ಹ್ಯಾಂಡ್ ಬ್ರೇಕ್ ಆಗಾಗ ಸಡಿಲವಾಗುತ್ತಿತ್ತು. ಅಪ್ಪ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕ್ ಹಾಕಿ ಎತ್ತಿ, ಗೋಣಿಚೀಲ ಹಾಸಿಕೊಂಡು ಕೆಳಗೆ ನುಸುಳುತ್ತಿದ್ದರು. ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕ್ ಎಳೆಯುವ ಕೆಲಸ ಯಾವಾಗಲೂ ಸುಮಕ್ಕನದು. ಮನೆಯೊಳಗೆ ನಾಲ್ಕು ಮಾತೂ ಆಡದ ಅಪ್ಪ, ಕಾರಿನಡಿ ಸೇರಿದರೆ ಅವಳೊಂದಿಗೆ ಹರಟುತ್ತಲೇ ಇರುತ್ತಿದ್ದರು.

“ಪೂರ್ತಿ ಎಳಿಯೇ ಸುಮಾ. ಮುದ್ದೆ ತಿಂದಿಲ್ವೇನೇ?”

“ತಿಂದಿದೀನಿ ಕಣಪ್ಪ. ನಿನ್ ನಟ್ಟೇ ಲೂಸು!”

ಅಪ್ಪ ಕೆಳಗಿಂದಲೇ ನಗುತ್ತಿದ್ದರು. ಮನೆ ಬಾಗಿಲಲ್ಲಿ ನಿಂತ ನನಗೆ ಹೊಟ್ಟೆ ಉರಿಯುತ್ತಿತ್ತು. ಸೀಟಿಗಿಂತ ಹೆಚ್ಚಾಗಿ ನನಗೆ ಆ ನಗು ಬೇಕಿತ್ತು.

ಒಮ್ಮೆ ಅಕ್ಕ ನೀರು ಕುಡಿಯಲು ಒಳಗೆ ಹೋದಾಗ ಮೆಲ್ಲಗೆ ಸೀಟು ಹತ್ತಿ ಕೂತೆ. “ಹ್ಞೂಂ, ಎಳಿ” ಎಂದರು ಅಪ್ಪ. ಎರಡೂ ಕೈಯಲ್ಲಿ ಹಿಡಿದು ಎಳೆದೆ. ಅವರು ಹಿಂದಿನ ಚಕ್ರ ತಿರುಗಿಸಿ ನೋಡಿದರು. ಅದು ಅಲ್ಲಾಡಲಿಲ್ಲ.

“ಶಭಾಷ್ ಕಣೇ ಸುಮಾ! ನೀನಿಲ್ದಿದ್ರೆ ನನ್ ಕೈಲಿ ಆಗ್ತಿರ್ಲಿಲ್ಲ ಬುಡು.”

“ಅಕ್ಕ ಅಲ್ಲ, ನಾನು” ಎನ್ನಲು ಬಾಯಿ ತೆರೆದೆ. ಹೇಳಿದರೆ ಅಪ್ಪ ಮತ್ತೆ ಸುಮ್ಮನಾಗಿಬಿಡುತ್ತಾರೆ ಎನಿಸಿ, ಅಕ್ಕನ ಹಾಗೆಯೇ “ಹ್ಞೂಂ” ಅಂದೆ.

ಈಗಲೂ ನೆಂಟರು ಬಂದರೆ ಅಪ್ಪ, “ಅವತ್ತು ನಮ್ ಸುಮ ಎಳೆದಿದ್ದು ನೋಡ್ಬೇಕಿತ್ತು” ಎನ್ನುತ್ತಾರೆ. “ನಂಗೆ ನೆನಪೇ ಇಲ್ಲ ಕಣಪ್ಪ” ಎಂದು ಅಕ್ಕ ಕಾಫಿ ಹೀರುತ್ತಾಳೆ. ಅಂಥ ಮಾತನ್ನೂ ಮರೆಯುವಷ್ಟು ಅಪ್ಪನ ಮೆಚ್ಚುಗೆ ಅವಳಿಗೆ ಸಿಕ್ಕಿದೆಯಲ್ಲ ಎಂದು ನನ್ನ ಹೊಟ್ಟೆ ಮತ್ತೆ ಉರಿಯುತ್ತದೆ.