ದೊಡ್ಡ ಸ್ಪೀಕರ್, ಖಾಲಿ ಸೀಟು

ಗೆಳೆಯರೇ, ಇವತ್ತು ಬಳ್ಳಾರಿಯಲ್ಲಿ ಕಾರಿನ ಟೇಪಿಗಿದ್ದ ಗೊರಗೊರ ಸ್ಪೀಕರ್ ತೆಗೆಸಿ, ಹಿಂದಿನ ಸೀಟಿನ ಬೆನ್ನಿಗೆ ದೊಡ್ಡವು ಎರಡು ಹಾಕಿಸಿದೆ. ಹೆಂಡತಿಯನ್ನು ಆ ಹಿಂದಿನ ಸೀಟಿನಲ್ಲೇ ಕೂರಿಸಿಕೊಂಡು ಸಿರುಗುಪ್ಪದ ಅತ್ತೆಮನೆಗೆ ಹೊರಟೆ.

"ಕಿವಿ ಹರದು ಹೋಗ್ತಾವ, ಸೌಂಡ್ ಕಡಿಮಿ ಮಾಡ್ರಿ" ಅಂದಳು. ಮಾಡಲಿಲ್ಲ. ಕುರುಗೋಡಿನಲ್ಲಿ ನಿಲ್ಲಿಸಿ ರೇಡಿಯೇಟರಿಗೆ ನೀರು ಹಾಕಿದೆ. ಮತ್ತೆ ಕ್ಯಾಸೆಟ್ ಹಚ್ಚಿ ತಲೆಯಾಡಿಸುತ್ತ ಹೊರಟೆ.

ಸಿರುಗುಪ್ಪದಲ್ಲಿ ಅತ್ತೆ ಕಾರಿನೊಳಗೆ ಇಣುಕಿದರು. "ನನ್ನ ಮಗಳು ಎಲ್ಲಿ ಅದಾಳ್ರಿ, ಅಳಿಯಂದ್ರ?"

ಹಿಂದಿನ ಸೀಟು ಖಾಲಿ! ಕುರುಗೋಡಿನಲ್ಲಿ ನಾನು ಬಾನೆಟ್ ಎತ್ತಿದ್ದಾಗ ಅವಳು ಹೂವಿಗೆಂದು ಇಳಿದದ್ದು ನನಗೆ ಕಂಡಿರಲಿಲ್ಲ, ಆಮೇಲೆ ಕೂಗುತ್ತ ಕಾರಿನ ಹಿಂದೆ ಓಡಿದ್ದು ಕೇಳಿಸಿರಲೇ ಇಲ್ಲ.

ಮುಂದಿನ ಬಸ್ಸಿಗೆ ಬಂದಿಳಿದಳು. ತಪ್ಪಾಯಿತು ಅಂದೆ.

"ಬಸ್ಸಿನ್ಯಾಗ ಸ್ಪೀಕರ್ ಇಲ್ಲ, ಡ್ರೈವರಿಗೆ ಕಿವಿ ಅದಾವ. ನಾ ಬಸ್ಸಿಗೇ ವಾಪಸ್ ಬರ್ತೀನಿ" ಅಂದಳು.

ಬಳ್ಳಾರಿಗೆ ನಾನೊಬ್ಬನೇ ಬಂದೆ. ಸೌಂಡು ಮಾತ್ರ ಭರ್ಜರಿ.